ಗಾಜಿನ ಗೋಪುರಗಳ ಊರಲ್ಲಿ ಒಂದು ಹಸಿ ಇಟ್ಟಿಗೆಯ ಮನೆ

ಅಡೋಬಿ ಎಂದರೆ ನಮ್ಮವರಿಗೆ ನೆನಪಾಗುವುದು ಫೋಟೊಶಾಪ್ ಮತ್ತು ಪಿಡಿಎಫ್. ಆ ಕಂಪನಿಯ ಮುಖ್ಯ ಕಚೇರಿ ಇರುವುದು ನಾವಿರುವ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲೇ. ಸಂಸ್ಥಾಪಕರೊಬ್ಬರ ಮನೆಯ ಹಿಂದೆ ಹರಿಯುತ್ತಿದ್ದ ಹಳ್ಳದ ಹೆಸರನ್ನು ಕಂಪನಿಗೆ ಇಟ್ಟರಂತೆ. ಆದರೆ ಅಡೋಬಿ ಪದದ ನಿಜವಾದ ಅರ್ಥ ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆ. ನಮ್ಮ ಕಡೆ ಹಸಿ ಇಟ್ಟಿಗೆ ಅನ್ನುತ್ತಾರಲ್ಲ, ಅದೇ. ಅರಬ್ಬಿ ಭಾಷೆಯ 'ತೂಬ್' ಸ್ಪ್ಯಾನಿಷ್‌ಗೆ ಹೋಗಿ ಅಡೋಬಿ ಆಯಿತು. (ನಮ್ಮ ಕೆರೆಯ ತೂಬಿಗೂ ಇದಕ್ಕೂ ಸಂಬಂಧವಿಲ್ಲ.)

ಆ ಕಂಪನಿಯ ಗೋಪುರಗಳಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಸ್ಯಾನ್ ಪೆದ್ರೊ ಚೌಕದ ಹೋಟೆಲುಗಳ ಮಗ್ಗುಲಲ್ಲಿ, ಅಂಥ ಇಟ್ಟಿಗೆಯ ಮನೆಯೊಂದು ಇನ್ನೂ ನಿಂತಿದೆ. ಹೆಸರು ಪೆರಾಲ್ಟಾ ಅಡೋಬಿ. ಕಟ್ಟಿದ್ದು 1797ರಲ್ಲಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಆಳುತ್ತಿದ್ದ ಕಾಲ ಅದು. ಸ್ಯಾನ್ ಹೋಸೆಯಲ್ಲಿ ಉಳಿದಿರುವ ಅತ್ಯಂತ ಹಳೆಯ ಕಟ್ಟಡ ಇದೇ.

ಈ ಕಣಿವೆ ಮೂಲತಃ ಓಲೋನಿ ಜನರ ನೆಲ. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಮಾಂಟೆರೆಯ ಸೇನಾ ಠಾಣೆಗಳಿಗೆ ದವಸ ಬೆಳೆದುಕೊಡಲೆಂದು ಸ್ಪೇನಿನವರು 1777ರ ನವೆಂಬರ್‌ನಲ್ಲಿ ಇಲ್ಲಿ ರೈತರ ಊರೊಂದನ್ನು ಹೂಡಿದರು. ಬಂದವರಿಗೆ ಊರೊಳಗೆ ಮನೆಯ ಜಾಗ, ಹೊರಗೆ ಉಳಲು ಹೊಲ. ಗ್ವಾದಲೂಪೆ ಹೊಳೆಯ ನೆರೆ ತಾಳಲಾಗದೆ 1797ರಲ್ಲಿ ಊರನ್ನು ಈಗಿನ ಜಾಗಕ್ಕೆ ಸರಿಸಿದಾಗ ಮ್ಯಾನ್ಯುಯೆಲ್ ಗೊನ್ಸಾಲೆಸ್ ಎಂಬಾತ ಈ ಮನೆ ಕಟ್ಟಿದ. ಆತ ಅಪಾಚೆ ಬುಡಕಟ್ಟಿನವನು. ವಲಸೆಗಾರರೆಂದರೆ ಬಿಳಿಯರು ಮಾತ್ರ ಎಂದುಕೊಂಡವರಿಗೆ ಇದು ಅಚ್ಚರಿಯ ಸಂಗತಿ.

ಅವನ ನಂತರ ಮನೆ ಸೇರಿದ್ದು ಲೂಯಿಸ್ ಮರಿಯಾ ಪೆರಾಲ್ಟಾನಿಗೆ. 1776ರಲ್ಲಿ ಹೆತ್ತವರ ಜೊತೆ ಹದಿಹರೆಯದ ಹುಡುಗನಾಗಿ ಬಂದವನು, ಮುಂದೆ ಸಿಪಾಯಿಯಾಗಿ, ಊರಿನ ಆಡಳಿತ ನೋಡಿಕೊಳ್ಳುವ ಅಧಿಕಾರಿಯೂ ಆದ. 1820ರಲ್ಲಿ ಅವನಿಗೆ 44 ಸಾವಿರ ಎಕರೆಗೂ ಹೆಚ್ಚು ಭೂಮಿ ಇನಾಮಾಗಿ ಸಿಕ್ಕಿತು. ಇಂದಿನ ಓಕ್‌ಲ್ಯಾಂಡ್, ಬರ್ಕ್ಲಿ ನಗರಗಳು ಇರುವುದು ಆ ಜಮೀನಿನ ಮೇಲೆ. ಅದನ್ನು ನಾಲ್ಕು ಗಂಡುಮಕ್ಕಳಿಗೆ ಹಂಚಿಕೊಟ್ಟು, ಅವನು 1851ರಲ್ಲಿ ಸಾಯುವವರೆಗೂ ಈ ಎರಡು ಕೋಣೆಯ ಮನೆಯಲ್ಲೇ ಇದ್ದ. ಚಿನ್ನದ ಆಸೆಗೆ ನುಗ್ಗಿದ ಜನರ ಒತ್ತುವರಿ, ವಕೀಲರ ಫೀಸು, ತೆರಿಗೆ ಎಲ್ಲ ಸೇರಿ ಮಕ್ಕಳ ಕೈಯಿಂದ ಆ ಭೂಮಿಯ ಬಹುಪಾಲು ಜಾರಿಹೋಯಿತು. ಲೆಕ್ಕಪತ್ರ ನೋಡುವ ಕಸುಬಿನ ನಮಗೆ ಈ ಕಥೆ ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅಷ್ಟು ದೊಡ್ಡ ಆಸ್ತಿ ಕರಗಿತು, ಮಣ್ಣಿನ ಮನೆ ಉಳಿಯಿತು.

ಕಳೆದ ಬೇಸಿಗೆಯಲ್ಲಿ ಊರಿಂದ ಬಂದಿದ್ದ ಅಮ್ಮನನ್ನು ಅಲ್ಲಿಗೆ ಕರೆದೊಯ್ದಿದ್ದೆವು. ಒಳಗೆ ಹೋದವರೇ ಗೋಡೆಗೆ ಅಂಗೈ ಒತ್ತಿ, "ನಮ್ಮ ಹಿತ್ತಲ ಕೋಣೆ ಇದ್ದಂಗೇ ತಣ್ಣಗೈತೆ ಕಣ್ರೋ" ಅಂದರು. ಮನೆಯ ಹೊರಗೆ ಗುಮ್ಮಟದ ಆಕಾರದ ಮಣ್ಣಿನ ಒಲೆ ಇದೆ. ರೊಟ್ಟಿ ಸುಡುವ ಒಲೆ. ಅದರ ಮುಂದೆಯೇ ಅವರು ಬಹಳ ಹೊತ್ತು ನಿಂತಿದ್ದರು.

ಪೆರಾಲ್ಟಾ ಸತ್ತ ಮೇಲೆ ಸುತ್ತ ನಗರ ಬೆಳೆಯಿತು. ಜೊತೆಯ ಅಡೋಬಿ ಮನೆಗಳು ಒಂದೊಂದಾಗಿ ಹೋದವು. ಉಳಿದ ಈ ಒಂದನ್ನು 1976ರಲ್ಲಿ ದುರಸ್ತಿ ಮಾಡಿ ಉಳಿಸಿಕೊಂಡರು. ಇಂಥ ಮನೆಗಳ ದೊಡ್ಡ ಶತ್ರು ಭೂಕಂಪ ಎಂದು ನಾವು ತಿಳಿದಿದ್ದೆವು. ಆದರೆ 1906 ಮತ್ತು 1989ರ ದೊಡ್ಡ ಭೂಕಂಪಗಳನ್ನೂ ಈ ಮನೆ ದಾಟಿ ಬಂದಿದೆ. ಮಣ್ಣಿನ ಮನೆಯನ್ನು ಸದ್ದಿಲ್ಲದೆ ತಿನ್ನುವುದು ನೀರು. ಬುಡದಲ್ಲಿ ನಿಂತ ನೀರನ್ನು ಗೋಡೆ ಮೇಲಕ್ಕೆ ಹೀರಿಕೊಳ್ಳುತ್ತದೆ. ಸುಣ್ಣ ಅಥವಾ ಮಣ್ಣಿನ ಗಿಲಾವಿದ್ದರೆ ಆ ತೇವ ಆರಿ ಹೊರಹೋಗುತ್ತದೆ. ಸಿಮೆಂಟ್ ಬಳಿದರೆ ಒಳಗೇ ಸಿಕ್ಕಿಕೊಳ್ಳುತ್ತದೆ. ಮೇಲೆ ನೋಡಲು ಗಟ್ಟಿ, ಒಳಗೆ ಇಟ್ಟಿಗೆ ಮತ್ತೆ ಕೆಸರು. ಕ್ಯಾಲಿಫೋರ್ನಿಯಾದ ಎಷ್ಟೋ ಅಡೋಬಿಗಳು ಹೀಗೆ ಕೆಟ್ಟಿವೆ. ಅದಕ್ಕೇ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ 1978ರಲ್ಲಿ ಹೊರಡಿಸಿದ ಕೈಪಿಡಿ ಹೇಳುವುದು ಇಷ್ಟೇ: ಮೊದಲು ನೀರು ಬರುವ ದಾರಿ ಮುಚ್ಚಿ, ಆಮೇಲೆ ಮನೆ ಯಾವುದರಿಂದ ಕಟ್ಟಿದೆಯೋ ಅದರಿಂದಲೇ ದುರಸ್ತಿ ಮಾಡಿ.

ಇಷ್ಟೆಲ್ಲ ಓದಲು ಕಾರಣ ತಿಪಟೂರು ಕಡೆಯ ನಮ್ಮ ಹಳ್ಳಿಯ ಮನೆ. ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆಯ, ನಾಡಹೆಂಚಿನ ಮನೆ. ಬಚ್ಚಲ ಕಡೆಯ ಗೋಡೆ ಉದುರುತ್ತಿತ್ತು. ಸುತ್ತ ಸಿಮೆಂಟ್ ಮಾಡಿಸೋಣ, ಇಲ್ಲವೇ ಕೆಡವಿ ತಾರಸಿ ಹಾಕಿಸೋಣ ಎಂದು ಅಣ್ಣ ದುಡ್ಡು ಕೇಳಿದ್ದರು. ಈ ಪುಟ ಓದುವ ಅನೇಕ ಮನೆಗಳಲ್ಲಿ ಇದೇ ಮಾತು ನಡೆದಿರುತ್ತದೆ. ಹೊರಗಿಂದ ಬರುವ ದುಡ್ಡು ಮೊದಲು ಸಿಮೆಂಟಾಗುತ್ತದೆ.

ಫೋನಿನಲ್ಲಿ ಕೈಪಿಡಿ ಓದಿ ಹೇಳಿದರೆ ಅಣ್ಣ ಒಪ್ಪುತ್ತಾರೆಯೇ? "ಅಲ್ಲಿ ಕೂತು ಹೇಳೋದು ಸುಲಭ. ಮಳೆಗಾಲದಲ್ಲಿ ಇಲ್ಲಿ ಮಲಗೋರು ನಾವು" ಅಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕೊನೆಗೆ ಅಮ್ಮನೇ ದಾರಿ ತೋರಿದರು: ಬಚ್ಚಲ ಗೋಡೆಗೆ ಹತ್ತು ವರ್ಷದ ಹಿಂದೆ ಬಳಿದಿದ್ದ ಸಿಮೆಂಟನ್ನು ಒಂದು ಮೊಳ ಕಿತ್ತು ನೋಡು ಅಂದರು. ಕಿತ್ತರೆ ಒಳಗಿನ ಮಣ್ಣು ಬೆರಳಿಗೆ ಅಂಟುವಷ್ಟು ಹಸಿ. ಅಣ್ಣ ಫೋಟೊ ಕಳಿಸಿದರು, ಜೊತೆಗೆ ಒಂದಕ್ಷರ ಬರೆಯಲಿಲ್ಲ.

ಆಮೇಲಿನ ಕೆಲಸ ಹೆಚ್ಚು ಖರ್ಚಿನದಲ್ಲ. ಬಚ್ಚಲ ನೀರನ್ನು ಪೈಪಿನಲ್ಲಿ ತೆಂಗಿನ ಬುಡಕ್ಕೆ ತಿರುಗಿಸಿದ್ದಾಯಿತು. ಒಡೆದ ಹೆಂಚು ಬದಲಿಸಿ, ಸೂರನ್ನು ಒಂದಡಿ ಮುಂದಕ್ಕೆ ತಂದರು. ಮಣ್ಣಿನ ಕೆಲಸ ಬಲ್ಲ ಮೇಸ್ತ್ರಿ ಸಿಗುವುದೇ ಕಷ್ಟವಾಯಿತು. ಪಕ್ಕದ ಊರಿನ ಎಪ್ಪತ್ತು ದಾಟಿದ ಹಿರಿಯರೊಬ್ಬರು ಮೊಮ್ಮಗನನ್ನು ಕರೆದುಕೊಂಡು ಬಂದರು. ಮಣ್ಣು, ಮರಳು, ಹುಲ್ಲು ಕಲಸಿ ವಾರ ಕೊಳೆಸಿ, ತುಳಿದು ಹದ ಮಾಡಿ ಮೆತ್ತಿದರು. ಮೇಲೆ ಸುಣ್ಣ. ಸುಣ್ಣವನ್ನು ಆಗಾಗ ಹೊಡೆಯಬೇಕಾಗುತ್ತದೆ ನಿಜ. ಲೆಕ್ಕದ ಭಾಷೆಯಲ್ಲಿ ಅದು ಮರುಕಳಿಸುವ ಖರ್ಚು. ಆದರೆ ಒಂದೇ ಸಲದ ಖರ್ಚು ಎಂದುಕೊಂಡಿದ್ದ ಸಿಮೆಂಟು ಹತ್ತು ವರ್ಷದಲ್ಲಿ ಗೋಡೆಯನ್ನೇ ತಿಂದಿತ್ತು. ಪೂರ್ತಿ ಬಿದ್ದ ಗೋಡೆಯನ್ನು ಹೊಸದಾಗಿ ಕಟ್ಟುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳಿಂದ ಅಭ್ಯಾಸ ನಡೆದಿರುವ, ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯೂ ಇದೆ.

ಹಿಂಗೋಡೆ ಈ ಮಳೆಗಾಲ ಒಣಗಿಯೇ ಇತ್ತು. ಬೀದಿ ಕಡೆಯ ಗೋಡೆಯ ಕೆಲಸ ಸಂಕ್ರಾಂತಿ ಕಳೆದ ಮೇಲೆ. ಅದಕ್ಕೆ ಬೇಕಾದ ಹುಲ್ಲನ್ನು ಅಣ್ಣ ಈಗಲೇ ಅಟ್ಟಕ್ಕೆ ಹಾಕಿದ್ದಾರೆ.