ಯಕೃತ್ತಿನ ವ್ಯಾಧಿಯೂ ಮನಸ್ಸಿನ ಧೈರ್ಯವೂ

ನಮ್ಮ ಬಲಪಕ್ಕೆಯ ಎಲುಬುಗಳ ಮರೆಯಲ್ಲಿ, ಸುಮಾರು ಒಂದೂವರೆ ಕಿಲೋ ತೂಗುವ ಒಂದು ಅಂಗವುಂಟು. ಅದಕ್ಕೆ ಸಂಸ್ಕೃತದಲ್ಲಿ ಯಕೃತ್ತೆಂದು ಹೆಸರು; ಪಾಠಪುಸ್ತಕದಲ್ಲಿ ಪಿತ್ತಜನಕಾಂಗ; ನಮ್ಮ ಬೀದಿಯ ಮಾತಿನಲ್ಲಿ ಲಿವರ್. ಉಂಡ ಅನ್ನದ ಸಾರವನ್ನು ಕೂಡಿಡುವುದು, ಪಿತ್ತರಸವನ್ನು ಒಸರುವುದು, ರಕ್ತದಲ್ಲಿ ಸೇರಿದ ವಿಷವನ್ನು ಕಳೆಯುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ದ್ರವ್ಯಗಳನ್ನು ಒದಗಿಸುವುದು, ಇಷ್ಟೆಲ್ಲವನ್ನೂ ಅದು ಸದ್ದಿಲ್ಲದೆ ಮಾಡುತ್ತದೆ. ಅದರ ಒಳಭಾಗದಲ್ಲಿ ನೋವನ್ನು ತಿಳಿಸುವ ನರಗಳಿಲ್ಲ; ಹೊರಗಿನ ಪೊರೆ ಬಿಗಿದಾಗ ಮಾತ್ರ ನೋವು ಕಾಣಿಸಿಕೊಳ್ಳುತ್ತದೆ. ಆದುದರಿಂದಲೇ ಅಲ್ಲಿ ಗಂಟು ಬೆಳೆದರೂ ಬಹುಕಾಲ ಯಾರಿಗೂ ತಿಳಿಯುವುದಿಲ್ಲ. ತಿಳಿದ ದಿನ ಮಾತ್ರ, ರೋಗಕ್ಕಿಂತ ಮೊದಲು ಮನಸ್ಸು ನೆಲಕಚ್ಚುತ್ತದೆ.

ನಾನು ವೈದ್ಯವಿದ್ಯಾರ್ಥಿಯಲ್ಲ, ಇತಿಹಾಸ ಮತ್ತು ಅರ್ಥಶಾಸ್ತ್ರಗಳನ್ನು ಓದುವ ಕಲಾ ವಿದ್ಯಾರ್ಥಿ. ಇಂಥ ವಿಷಯವನ್ನು ನಾನೇಕೆ ಎತ್ತಿಕೊಂಡೆನೆಂದು ವಾಚಕರು ಕೇಳಬಹುದು. ಕಳೆದ ಆಷಾಢದಲ್ಲಿ ನಮ್ಮ ತಂದೆಯವರಿಗೆ ಯಕೃತ್ತಿನ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯವರು ಕಲಿತ ಪಾಠವನ್ನು ಸಹಪಾಠಿಗಳ ಮುಂದಿಡಬೇಕೆನ್ನಿಸಿತು. ಆ ಪಾಠ ಒಂದೇ ಮಾತಿನದು: ಭಯವನ್ನು ಒಟ್ಟಾಗಿ ಹೊರಲಾಗುವುದಿಲ್ಲ, ಬಿಡಿಸಿ ನೋಡಿದರೆ ಹೊರಬಹುದು.

ನಮ್ಮ ಮನೆಯಿರುವುದು ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ. ತಂದೆಯವರು ಒಂದು ಸಣ್ಣ ವರ್ಕ್‌ಷಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುವವರು. ತಾಯಿ ಪೀಣ್ಯದ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಾರೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಆದುದರಿಂದ ಮನೆಗೆ ಬರುವ ಪ್ರತಿಯೊಂದು ಕಾಗದವನ್ನೂ ಓದಿ ಹೇಳುವ ಭಾರ ನನ್ನದೇ. ಸ್ಕ್ಯಾನಿಂಗಿನ ವರದಿಯನ್ನು ಓದಿದವನೂ ನಾನೇ. ಒಂದು ಆಸ್ಪತ್ರೆಯ ಓಣಿಯಲ್ಲಿ ನಿಂತಂತೆಯೇ ಒಬ್ಬರು ನನಗೆ ನಾಲ್ಕು ಮಾತು ಹೇಳಿ, "ಪೇಷೆಂಟಿಗೆ ಹೇಳಬೇಡಿ" ಎಂದು ಹೊರಟುಹೋದರು. ಕ್ಯಾನ್ಸರ್ ಎಂಬ ಶಬ್ದದ ನಂತರ ಅವರು ಆಡಿದ ಒಂದು ಮಾತೂ ನನ್ನ ಕಿವಿಗೆ ಇಳಿಯಲಿಲ್ಲ.

ಇದು ನನ್ನೊಬ್ಬನ ದೌರ್ಬಲ್ಯವಲ್ಲವೆಂದು ಈಚೆಗೆ ತಿಳಿಯಿತು. ಭಾರಿ ಸುದ್ದಿ ಕೇಳಿದ ಕೂಡಲೆ ಮನಸ್ಸು ಬಾಗಿಲು ಮುಚ್ಚಿಕೊಳ್ಳುವುದು ಸಹಜ. ಅದಕ್ಕೋಸ್ಕರವೇ ವೈದ್ಯರ ಬಳಿಗೆ ಇಬ್ಬರು ಹೋಗಬೇಕು. ಒಬ್ಬರು ಕೇಳಬೇಕು, ಇನ್ನೊಬ್ಬರು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಕೇಳಬೇಕಾದ ಪ್ರಶ್ನೆಗಳನ್ನು ಮನೆಯಲ್ಲೇ ಬರೆದಿಟ್ಟುಕೊಂಡು ಹೋಗಬೇಕು. ಈ ಗಂಟು ಯಕೃತ್ತಿನಲ್ಲೇ ಹುಟ್ಟಿದ್ದೋ, ಬೇರೆ ಕಡೆಯಿಂದ ಹರಡಿ ಬಂದದ್ದೋ? ಎಷ್ಟು ದೊಡ್ಡದು? ಉಳಿದ ಯಕೃತ್ತು ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕತ್ತಲೆ ಕಳೆದಂತೆ. ಏಕೆಂದರೆ ಚಿಕಿತ್ಸೆ ನಿಂತಿರುವುದೇ ಈ ಉತ್ತರಗಳ ಮೇಲೆ.

ಆದರೆ ನಾವು ಮೊದಲು ಮಾಡಿದ್ದು ಇದಾವುದನ್ನೂ ಅಲ್ಲ. ತಂದೆಯವರಿಗೆ "ಗ್ಯಾಸ್ಟ್ರಿಕ್ ಅಂತೆ" ಎಂದು ಸುಳ್ಳು ಹೇಳಿದೆವು. ಹನ್ನೆರಡು ದಿನ ಆ ಸುಳ್ಳು ನಡೆಯಿತು. ತಾಯಿ ಬಚ್ಚಲಲ್ಲಿ ಅಳುವಳು. ನಾನು ಬಸ್ ಸ್ಟ್ಯಾಂಡಿನಲ್ಲಿ. ಅಜ್ಜಿ ಮಗನ ಮುಂದೆ ನಗುತ್ತ, ಹಿಂದೆ ಸಾವನದುರ್ಗದ ನರಸಿಂಹಸ್ವಾಮಿಗೆ ಹರಕೆ ಕಟ್ಟುತ್ತಿದ್ದರು. ತಂದೆಯವರು ಮಾತ್ರ ಮೌನವಾಗಿ ಎಲ್ಲರ ಮುಖವನ್ನೂ ನೋಡುತ್ತಿದ್ದರು. ಕೊನೆಗೆ ಒಂದು ರಾತ್ರಿ ಊಟಕ್ಕೆ ಕುಳಿತಾಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನನ್ನನ್ನು ಕೇಳಿದರು: "ಡ್ರಾಯಿಂಗ್ ತೋರಿಸ್ದೆ ಜಾಬ್ ಮಾಡು ಅಂದ್ರೆ ಹೆಂಗ್ಲಾ ಮಾಡ್ಲಿ? ಎಷ್ಟೈತೆ, ಏನೈತೆ, ಅಳ್ತೆ ಹೇಳು."

ಲೇತ್ ಕೆಲಸದವರಿಗೆ ನಕ್ಷೆಯೂ ಅಳತೆಯೂ ಇಲ್ಲದೆ ಕೈ ಆಡದು. ನಾನು ವರದಿಯನ್ನು ತಂದು, ತಿಳಿದಷ್ಟನ್ನು ಕನ್ನಡದಲ್ಲಿ ಹೇಳಿದೆ. ಅವರು ಗಂಟಿನ ಅಳತೆಯನ್ನು ಸೆಂಟಿಮೀಟರಿನಲ್ಲಿ ಕೇಳಿ, ಬೆರಳುಗಳ ಮಧ್ಯೆ ಅಂತರ ಮಾಡಿ ನೋಡಿಕೊಂಡರು. "ಇಷ್ಟೇನಾ?" ಎಂದರು. ಅದು ಸಣ್ಣದೇನೂ ಆಗಿರಲಿಲ್ಲ. ಆದರೆ ಹನ್ನೆರಡು ದಿನ ಅವರ ಕಲ್ಪನೆಯಲ್ಲಿ ಬೆಳೆದದ್ದು ಇದಕ್ಕಿಂತ ದೊಡ್ಡದಾಗಿತ್ತು. ಅಂದು ರಾತ್ರಿ ನಾಲ್ವರೂ ಒಟ್ಟಿಗೆ ಅತ್ತೆವು. ಒಟ್ಟಿಗೆ ಅತ್ತ ಮೇಲೆ ಬಚ್ಚಲೂ ಬಸ್ ಸ್ಟ್ಯಾಂಡೂ ಬೇಕಾಗಲಿಲ್ಲ.

ರೋಗಿ ತಿಳಿಯಬಯಸಿದರೆ ಸತ್ಯವನ್ನು ಮುಚ್ಚುವುದು ದಯೆಯಲ್ಲ. ಅದು ಅವನನ್ನು ತನ್ನ ಮನೆಯಲ್ಲೇ ಒಂಟಿಯಾಗಿಸುವುದು. ತಿಳಿಯಬಯಸದವನ ಮೇಲೆ ಸತ್ಯವನ್ನು ಹೇರುವುದೂ ಸರಿಯಲ್ಲ. "ನಿನಗೆ ಎಷ್ಟು ತಿಳಿಯಬೇಕು?" ಎಂದು ಮೊದಲು ಕೇಳಿದರಾಯಿತು.

ಮುಂದೆ ಹೊಸೂರು ರಸ್ತೆಯ ಕಡೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಹೋದೆವು. 1973ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ಕೇಂದ್ರ ಮಂತ್ರಿಗಳಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರನ್ನಿಟ್ಟಿದ್ದಾರೆ. ಅಲ್ಲಿನ ಜನರನ್ನು ನೋಡಿದಾಗ, ಈ ಕಷ್ಟ ನಮಗೊಬ್ಬರಿಗೇ ಬಂದದ್ದೆಂಬ ಭಾವನೆ ಹೋಯಿತು. ರಾಯಚೂರಿನವರು, ಚಾಮರಾಜನಗರದವರು, ಗಡಿಯಾಚೆಯವರು, ಎಲ್ಲರೂ ಕಡತ ಹಿಡಿದು ಒಂದೇ ಸಾಲಿನಲ್ಲಿ ಕುಳಿತಿದ್ದರು. ತಂದೆಯವರ ಯಕೃತ್ತು ಮೊದಲೇ ಗಡುಸಾಗಿದ್ದುದರಿಂದ ಶಸ್ತ್ರಕ್ರಿಯೆ ಆಗದೆಂದರು. ಇನ್ನೊಂದು ಮಾರ್ಗವನ್ನು ತಿಳಿಸಿದರು. ಯಕೃತ್ತು ತನ್ನ ಹೆಚ್ಚಿನ ರಕ್ತವನ್ನು ಕರುಳಿನಿಂದ ಬರುವ ದೊಡ್ಡ ಅಭಿಧಮನಿಯಿಂದ ಪಡೆಯುತ್ತದೆ. ಗಂಟಾದರೋ ಹೆಚ್ಚಾಗಿ ಅಪಧಮನಿಯಿಂದ ಹೀರುತ್ತದೆ. ಆದುದರಿಂದ ತೊಡೆಯ ಸಂದಿಯ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ, ಗಂಟಿಗೆ ಹೋಗುವ ಕವಲಿನಲ್ಲಿ ಔಷಧವನ್ನು ಬಿಟ್ಟು, ಆ ಕವಲನ್ನು ಮುಚ್ಚಿಬಿಡುತ್ತಾರೆ. ಇದನ್ನು ಕೇಳಿದ ತಂದೆಯವರು "ಗೇಟ್ ವಾಲ್ವ್ ಬಂದ್ ಮಾಡ್ದಂಗೆ" ಎಂದು ಮೊದಲ ಸಲ ನಕ್ಕರು. ಆಮೇಲೆ ಕೆಲವು ದಿನ ಜ್ವರವೂ ನಿಶ್ಶಕ್ತಿಯೂ ಬರಬಹುದೆಂದು ಮೊದಲೇ ತಿಳಿಸಿದ್ದುದರಿಂದ, ಅವು ಬಂದಾಗ ನಾವು ಹೆದರಲಿಲ್ಲ. ತಿಳುವಳಿಕೆ ರೋಗವನ್ನು ಗುಣಪಡಿಸದು. ಆದರೆ ಅಕಸ್ಮಾತ್ತಿನ ಹೆದರಿಕೆಯನ್ನು ಕಳೆಯುತ್ತದೆ.

ಇನ್ನು ನಾಚಿಕೆಯ ವಿಷಯ. ಲಿವರ್ ಕೆಟ್ಟಿದೆಯೆಂದರೆ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ "ಕುಡೀತಿದ್ರಾ?" ಎಂಬುದು. ನಮ್ಮ ತಂದೆಯವರು ಹೆಂಡ ಮುಟ್ಟಿದವರಲ್ಲ. ಆದರೂ ಬೀದಿಯವರ ಕಣ್ಣಿನಲ್ಲಿ ಆ ಪ್ರಶ್ನೆಯನ್ನು ಕಂಡು ಅವರು ಒಂದು ತಿಂಗಳು ಹೊರಗೆ ಬರಲಿಲ್ಲ. ಕುಡಿತ ಒಂದು ಕಾರಣವೆಂಬುದು ನಿಜ. ಆದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳು, ಸಕ್ಕರೆ ರೋಗ ಮತ್ತು ಬೊಜ್ಜಿನ ಜೊತೆಗೆ ಬರುವ ಯಕೃತ್ತಿನ ಕೊಬ್ಬು, ಬೂಷ್ಟು ಹಿಡಿದ ಕಡಲೆಕಾಯಿ ಮೆಕ್ಕೆಜೋಳಗಳಲ್ಲಿನ ವಿಷ, ಇವೂ ಕಾರಣಗಳೇ. ತಂದೆಯವರ ರಕ್ತದಲ್ಲಿ ಸಿಕ್ಕಿದ್ದು ಹೆಪಟೈಟಿಸ್ ಬಿ. ಎಲ್ಲಿ ಎಂದು ತಗುಲಿತೋ ಯಾರೂ ಹೇಳಲಾರರು. ಅದು ರಕ್ತದಿಂದ, ಹೆರಿಗೆಯ ಕಾಲದಲ್ಲಿ ತಾಯಿಯಿಂದ ಮಗುವಿಗೆ, ದೈಹಿಕ ಸಂಪರ್ಕದಿಂದ, ಶುದ್ಧಿ ಮಾಡದ ಸೂಜಿ ಕತ್ತಿಗಳಿಂದ ಹರಡುತ್ತದೆ. ಜೊತೆಯಲ್ಲಿ ಉಣ್ಣುವುದರಿಂದಾಗಲಿ ಮುಟ್ಟುವುದರಿಂದಾಗಲಿ ಹರಡುವುದಿಲ್ಲ. ಇದನ್ನರಿಯದ ನೆಂಟರೊಬ್ಬರು ಅವರಿಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟರು. ಕ್ಯಾನ್ಸರಿಗಿಂತ ಆ ಲೋಟವೇ ಅವರನ್ನು ಹೆಚ್ಚು ನೋಯಿಸಿತೆಂದರೆ ಅತಿಶಯೋಕ್ತಿಯಲ್ಲ. ಕುಡಿತದಿಂದಲೇ ರೋಗ ಬಂದವರೂ ಮನುಷ್ಯರೇ. ಅವರಿಗೂ ಬೇಕಾದದ್ದು ಚಿಕಿತ್ಸೆ, ನ್ಯಾಯತೀರ್ಪಲ್ಲ.

ಈ ವೈರಸ್ಸನ್ನು 1965ರಲ್ಲಿ ಗುರುತಿಸಿದ ಬರೂಕ್ ಬ್ಲೂಮ್‌ಬರ್ಗರಿಗೆ 1976ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದಕ್ಕೆ ಲಸಿಕೆಯುಂಟು. ನಮ್ಮ ದೇಶದ ಮಕ್ಕಳ ಲಸಿಕೆ ಕಾರ್ಯಕ್ರಮದಲ್ಲಿ 2011ರ ಹೊತ್ತಿಗೆ ಅದು ಎಲ್ಲೆಡೆಗೂ ವಿಸ್ತರಿಸಿತು. ನನ್ನ ತಂಗಿ ಆಮೇಲೆ ಹುಟ್ಟಿದವಳು, ಅವಳಿಗೆ ಬಿದ್ದಿತ್ತು; ನನಗೆ ಬಿದ್ದಿರಲಿಲ್ಲ. ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಬೇಕೆಂದಾಗ, ಫಲಿತಾಂಶ ಬರುವವರೆಗಿನ ರಾತ್ರಿಯಲ್ಲಿ ತಂದೆಯ ಭಯ ಎಂಥದೆಂದು ನನಗೆ ತಿಳಿಯಿತು. ನಮ್ಮಲ್ಲಿ ಯಾರಿಗೂ ಇರಲಿಲ್ಲ. ತಾಯಿಯೂ ನಾನೂ ಮೂರು ಸೂಜಿ ಹಾಕಿಸಿಕೊಂಡೆವು. ಮಿತ್ರರೇ, ನೀವೂ ವೈದ್ಯರನ್ನು ಕೇಳಿ ಇದೊಂದನ್ನು ಮಾಡಿಸಿಕೊಳ್ಳಿ.

ಮೂರನೆಯದು ಸಲಹೆಗಾರರ ಕಾಟ. ಕಾಮಾಲೆಗೆ ನಾಟಿ ಔಷಧಿ ಕೊಡುವವರು ನಮ್ಮ ಸೀಮೆಯಲ್ಲಿ ಹಲವರು. ಸೋದರತ್ತೆ ಒಂದು ಕಷಾಯ ತಂದರು. ಪ್ರೀತಿಯಿಂದ ತಂದದ್ದನ್ನು ಬೇಡವೆನ್ನುವುದು ಸುಲಭವಲ್ಲ. ಆದರೆ ಕುಡಿದದ್ದನ್ನೆಲ್ಲ ಕೊನೆಗೆ ಸಂಭಾಳಿಸಬೇಕಾದದ್ದು ಅದೇ ದಣಿದ ಯಕೃತ್ತು; ಕೆಲವು ಗಿಡಮೂಲಿಕೆಗಳು ಅದಕ್ಕೆ ಹಾನಿ ಮಾಡುತ್ತವೆ. "ಡಾಕ್ಟರಿಗೆ ತೋರಿಸಿ ಕುಡಿಸ್ತೀವಿ ಅತ್ತೆ" ಎಂದೆವು. ಅಜ್ಜಿಯ ಹರಕೆಯನ್ನು ಮಾತ್ರ ತಡೆಯಲಿಲ್ಲ. ಹರಕೆಯಿಂದ ಯಕೃತ್ತಿಗೆ ಹಾನಿಯಿಲ್ಲ, ಅಜ್ಜಿಗೆ ನೆಮ್ಮದಿಯುಂಟು. ಹಣದ ಚಿಂತೆಯನ್ನೂ ಹೀಗೆಯೇ ಬೇರೆ ಇಟ್ಟು ನೋಡಿದೆವು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ, ರೇಷನ್ ಕಾರ್ಡು ಹಿಡಿದು ಮೊದಲ ದಿನವೇ ವಿಚಾರಿಸುವುದು ಒಳ್ಳೆಯದು.

ಎಲ್ಲರೂ ತಿಳಿಯಬೇಕಾದ ಇನ್ನೊಂದು ಸಂಗತಿಯುಂಟು. ಒಂದು ವಾರ ತಂದೆಯವರು ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎಚ್ಚರವಾಗಿದ್ದರು; ಮಾತಿಗೆ ಮೊದಲು ಸಿಡಿಮಿಡಿ; ತಂಗಿಯ ಹೆಸರನ್ನೇ ಮರೆತರು. ದುಃಖದಿಂದ ಹೀಗಾಗಿದೆಯೆಂದು ನಾವು ಬುದ್ಧಿ ಹೇಳತೊಡಗಿದೆವು. ವೈದ್ಯರು ಬೇರೆಯದನ್ನು ಹೇಳಿದರು. ಯಕೃತ್ತು ಸೋತಾಗ ಅಮೋನಿಯ ಮೊದಲಾದ ವಿಷಗಳು ರಕ್ತದಲ್ಲೇ ಉಳಿದು ಮಿದುಳನ್ನು ಮಂಕುಗೊಳಿಸುತ್ತವೆ; ಮಲಬದ್ಧತೆ, ಸೋಂಕುಗಳಿಂದ ಅದು ಹೆಚ್ಚುತ್ತದೆ; ಅದಕ್ಕೆ ಔಷಧವಿದೆ. ಔಷಧ ಕೊಟ್ಟ ಮೇಲೆ ಅವರು ಮೊದಲಿನಂತಾದರು. ಆದುದರಿಂದ ಇಂಥ ರೋಗಿಯ ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ ಅದನ್ನು ಅಧೈರ್ಯವೆಂದೋ ಹಠವೆಂದೋ ಭಾವಿಸದೆ, ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಹಾಗಾದರೆ ನಿಜವಾದ ದುಃಖಕ್ಕೆ ಮದ್ದೇನು? ಎಲಿಸಬೆತ್ ಕೂಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮರಣಾಸನ್ನರ ಮನಸ್ಸಿನ ಐದು ಅವಸ್ಥೆಗಳನ್ನು ವಿವರಿಸಿದರು: ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ. ಆದರೆ ಇವು ಒಂದರ ಮೇಲೊಂದು ಏರುವ ಮೆಟ್ಟಿಲುಗಳಲ್ಲ. ನಮ್ಮ ಮನೆಯಲ್ಲಿ ಬೆಳಿಗ್ಗೆ ಒಪ್ಪಿಗೆ, ಮಧ್ಯಾಹ್ನ ಕೋಪ, ಸಂಜೆ ಚೌಕಾಸಿ. ಅಳು ಬಂದರೆ ಅಳುವುದು ಸಹಜ. ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಕೆಟ್ಟು, ಬದುಕೇ ಬೇಡವೆಂಬ ಮಾತು ಬಂದರೆ ಮಾತ್ರ ಅದಕ್ಕೂ ಚಿಕಿತ್ಸೆ ಬೇಕು. ಬದುಕು ಬೇಡವೆಂಬ ಮಾತಿಗೆ ಎರಡು ವಾರ ಕಾಯಲೂ ಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಗೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತನಾಡಬಹುದು. ಕಿದ್ವಾಯಿ ಸಂಸ್ಥೆಯ ನೆರೆಯಲ್ಲೇ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇದೆ. ದೇಹದ ಆಸ್ಪತ್ರೆಯೂ ಮನಸ್ಸಿನ ಆಸ್ಪತ್ರೆಯೂ ಅಕ್ಕಪಕ್ಕದಲ್ಲಿರುವುದು ಯೋಗ್ಯವೆಂದೇ ನನಗೆ ತೋರುತ್ತದೆ.

ರೋಗ ಗುಣವಾಗದ ಹಂತಕ್ಕೆ ಬಂದರೂ ಮಾಡತಕ್ಕದ್ದು ಮುಗಿಯುವುದಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸನ್ನು ತೆರೆದ ಸಿಸಿಲಿ ಸಾಂಡರ್ಸರು, ರೋಗಿಯ ನೋವೆಂದರೆ ದೇಹದ್ದು ಮಾತ್ರವಲ್ಲ, ಮನಸ್ಸಿನದೂ ಸಂಸಾರದ್ದೂ ಸೇರಿದ್ದೆಂದು ತೋರಿಸಿಕೊಟ್ಟರು. ನಮ್ಮ ಬೆಂಗಳೂರಿನಲ್ಲೇ 'ಕರುಣಾಶ್ರಯ' ಇಂಥ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಈ ಬಗೆಯ ಉಪಶಮನ ಚಿಕಿತ್ಸೆಯನ್ನು ಕೊನೆಯ ದಿನಗಳಿಗೆಂದು ಕಾಯದೆ ಮೊದಲಿನಿಂದಲೇ ಕೇಳಬಹುದು.

ನನ್ನ ಮಾತನ್ನು ಹೇಳದೆ ಮುಗಿಸುವುದು ಸರಿಯಲ್ಲ. ಮೂರು ತಿಂಗಳು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಲಿಲ್ಲ. ಹಾಜರಿ ಕಡಿಮೆಯಾದಾಗ ಉಪನ್ಯಾಸಕರೊಬ್ಬರು ಕರೆದು ಕೇಳಿದರು. ಮೊದಲ ಸಲ ಬಾಯಿಬಿಟ್ಟೆ. ಅವರು ಸಮಾಧಾನದ ದೊಡ್ಡ ಮಾತೇನನ್ನೂ ಆಡಲಿಲ್ಲ. "ಮುಂದಿನ ಸಲ ಆಸ್ಪತ್ರೆಗೆ ಎಂದು ಹೋಗಬೇಕು?" ಎಂದು ಕೇಳಿ, ಆ ದಿನದ ಟಿಪ್ಪಣಿಗಳನ್ನು ತೆಗೆದಿಡಲು ಸಹಪಾಠಿಯೊಬ್ಬನಿಗೆ ಹೇಳಿದರು. ಇಂಥ ಸಮಯದಲ್ಲಿ "ಧೈರ್ಯವಾಗಿರು" ಎಂಬುದಕ್ಕಿಂತ "ಏನು ಕೆಲಸವಿದೆ, ಹೇಳು" ಎಂಬ ಮಾತು ದೊಡ್ಡದು. ನಮ್ಮ ತರಗತಿಯಲ್ಲಿ ಈಗಲೂ ಯಾರಾದರೂ ಹೇಳದೆ ಹೊತ್ತಿರಬಹುದು. ಅವರಿಗೆ ನನ್ನ ವಿನಂತಿ: ಒಬ್ಬರಿಗಾದರೂ ಹೇಳಿ.

ತಂದೆಯವರ ರೋಗ ಹೋಗಿಲ್ಲ. ಮೂರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಇದೆ. ಅವರು ನನ್ನ ಪದವಿ ಪ್ರದಾನವನ್ನು ನೋಡುವರೋ ಇಲ್ಲವೋ ಎಂಬ ಪ್ರಶ್ನೆಗೆ ವೈದ್ಯರಲ್ಲಿಯೂ ಉತ್ತರವಿಲ್ಲ. ಆದರೂ ಪ್ರತಿ ಸಲ ವರದಿ ಬಂದಾಗ ಅವರು ಕನ್ನಡಕ ಹಾಕಿಕೊಂಡು ಕುಳಿತು, "ಅಳ್ತೆ ಹೇಳ್ಲಾ" ಎನ್ನುತ್ತಾರೆ. ನಾನು ಹೇಳುತ್ತೇನೆ. ತಾಯಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಆಮೇಲೆ ನಾವೆಲ್ಲರೂ ಒಟ್ಟಿಗೆ ಊಟಕ್ಕೆ ಕೂಡುತ್ತೇವೆ.

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ