ಹಿತ್ತಿಲ ತರಕಾರಿ ತೋಟ ಮತ್ತು ಮನೆಗೋಳಿ ಸಾಕಣೆ

(ಕೆಂಗೇರಿ ಹೋಬಳಿಯ ಜಮೀನುದಾರರ ಮತ್ತು ಗ್ರಾಮ ಮುಖಂಡರ ಉಪಯೋಗಕ್ಕಾಗಿ)

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಅರಿಯದವರಿಲ್ಲ. ಕೈಗೆಟಕುವ ವಸ್ತುವಿಗೆ ಮನುಷ್ಯನು ಬೆಲೆ ಕೊಡುವುದಿಲ್ಲವೆಂಬುದೇ ಇದರ ತಾತ್ಪರ್ಯ. ಎಕರೆಗಟ್ಟಲೆ ರಾಗಿಯನ್ನು ಬೆಳೆಯುವ ಮನೆಯವರು ಒಂದು ಕಟ್ಟು ಸೊಪ್ಪಿಗಾಗಿ ಪೇಟೆಗೆ ಹೋಗುವುದೂ, ಅದೇ ಮನೆಯ ಹಿಂದೆ ಪಾತ್ರೆ ತೊಳೆದ ನೀರು ಕೊಚ್ಚೆಯಾಗಿ ನಿಂತು ಸೊಳ್ಳೆಗಳನ್ನು ಬೆಳೆಸುವುದೂ ಅಪರೂಪವಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಬಡಾವಣೆಗಳ ನಡುವೆ ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆಗಳ ಹೆಸರುಗಳು ಇಂದಿಗೂ ಉಳಿದಿವೆ. ಆದರೆ ಅವುಗಳ ಹೊಲಗಳು ಉಳಿಯಲಿಲ್ಲ, ಹಿತ್ತಿಲುಗಳೂ ಉಳಿಯಲಿಲ್ಲ. ಕೆಂಗೇರಿಯ ಸುತ್ತಲೂ ಹೊಲಗಳು ನಿವೇಶನಗಳಾಗುತ್ತಿರುವ ಈ ಕಾಲದಲ್ಲಿ, ಉಳಿದಿರುವ ಹಿತ್ತಿಲನ್ನು ಸದ್ವಿನಿಯೋಗಪಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಸ್ಥಳ ಮತ್ತು ಭೂಮಿ

30 ಅಡಿ ಉದ್ದ, 20 ಅಡಿ ಅಗಲದ ಸ್ಥಳ, ಎಂದರೆ ಅರ್ಧ ಗುಂಟೆಗಿಂತ ತುಸು ಹೆಚ್ಚು, ಆರಂಭಕ್ಕೆ ಸಾಕು. ದಿನದಲ್ಲಿ ಆರು ಗಂಟೆಯಾದರೂ ಬಿಸಿಲು ಬೀಳತಕ್ಕ ಜಾಗವನ್ನು ಆರಿಸಬೇಕು. ಈ ಪ್ರಾಂತದ ಕೆಂಪು ಮಣ್ಣಿನಲ್ಲಿ ನೀರು ಬೇಗ ಬಸಿದುಹೋಗುವುದರಿಂದ, ಒಂದು ಅಡಿ ಆಳ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಬೆರೆಸತಕ್ಕದ್ದು. ಮಡಿಗಳ ಅಗಲವು ನಾಲ್ಕು ಅಡಿಯನ್ನು ಮೀರಬಾರದು. ಎರಡು ಬದಿಯಿಂದಲೂ ಕೈಗೆಟಕುವಂತಿದ್ದರೆ ಮಡಿಯನ್ನು ತುಳಿಯದೆ ಕಳೆ ತೆಗೆಯಬಹುದು.

ಬಿತ್ತನೆಯ ಕ್ರಮ

ಹಲವರು ಮಾಡುವ ತಪ್ಪೆಂದರೆ ಎಲ್ಲ ಬೀಜವನ್ನೂ ಒಂದೇ ದಿನ ಬಿತ್ತುವುದು. ಹಾಗೆ ಮಾಡಿದರೆ ಒಂದು ವಾರ ತಿನ್ನಲಾರದಷ್ಟು ಸೊಪ್ಪು, ಮುಂದಿನ ತಿಂಗಳು ಬರಿಯ ಮಡಿ. ಹರಿವೆ, ಮೆಂತ್ಯ, ಸಬ್ಬಸಿಗೆಗಳನ್ನು ಹದಿನೈದು ದಿನಕ್ಕೊಮ್ಮೆ ಒಂದೊಂದು ಮಡಿಯಲ್ಲಿ ಚೆಲ್ಲಬೇಕು. ಹರಿವೆ ಮತ್ತು ಮೆಂತ್ಯಗಳು ಸುಮಾರು ಒಂದು ತಿಂಗಳಲ್ಲಿಯೂ, ಹುರುಳಿಕಾಯಿ ಮತ್ತು ಬೆಂಡೆಗಳು ಸುಮಾರು ಏಳು ವಾರಗಳಲ್ಲಿಯೂ ಕೈಗೆ ಬರುವವು. ಬದನೆ, ಟೊಮೇಟೊ, ಮೆಣಸಿನ ಬೀಜಗಳನ್ನು ಪಾತಿಯಲ್ಲಿ ಚೆಲ್ಲಿ, ನಾಲ್ಕೈದು ವಾರಗಳ ಸಸಿಗಳನ್ನು ಸಂಜೆಯ ಹೊತ್ತು ಕಿತ್ತು ನಾಟಿ ಮಾಡತಕ್ಕದ್ದು.

ಬೇಲಿಯನ್ನು ಬರಿದೇ ಬಿಡಬಾರದು. ಹೀರೆ, ಹಾಗಲ, ಪಡವಲ, ಸೀಮೆಬದನೆಗಳನ್ನು ಅದರ ಮೇಲೆ ಹಬ್ಬಿಸಬಹುದು. ನಾಟಿ ಅವರೆಯು ಹಗಲು ಕಿರಿದಾಗುವವರೆಗೂ ಹೂ ಬಿಡುವುದಿಲ್ಲ. ಆದುದರಿಂದಲೇ ಸೊಗಡಿನ ಅವರೆಕಾಯಿಗಾಗಿ ಮಾಗಿಯ ಕಾಲವನ್ನು ಕಾಯಬೇಕು. ಕೃಷಿ ವಿಶ್ವವಿದ್ಯಾನಿಲಯದವರು ಸಿದ್ಧಪಡಿಸಿದ ಹೆಬ್ಬಾಳ ಅವರೆ 3 ಮತ್ತು 4 ಎಂಬ ತಳಿಗಳಿಗೆ ಈ ನಿರ್ಬಂಧವಿಲ್ಲ. ಇತರ ಕಾಲಗಳಲ್ಲಿಯೂ ಅವು ಕಾಯಿ ಬಿಡುವವು. ಮೂಲೆಯಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಬಚ್ಚಲ ನೀರು ಹರಿಯುವ ಕಡೆ ಎರಡು ಬಾಳೆ ಇರಲಿ.

ನೀರಿನ ವಿಷಯದಲ್ಲಿ ಎಚ್ಚರಿಕೆ

ಈ ಭಾಗವನ್ನು ಓದುಗರು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥನೆ. ವೃಷಭಾವತಿ ನದಿಯು ನಗರದ ಪಶ್ಚಿಮ ಭಾಗದಲ್ಲಿ ಹರಿದು, ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ ಬೈರಮಂಗಲದ ಕೆರೆಯನ್ನು ಸೇರುವುದು. ಹಿಂದೆ ಸ್ನಾನಪಾನಗಳಿಗೆ ಯೋಗ್ಯವಾಗಿದ್ದ ಈ ನೀರು ಈಗ ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತಿದೆ. ಈ ನೀರಿನಿಂದ ಗಿಡಗಳು ಹಚ್ಚಗೆ ಸೊಂಪಾಗಿ ಬೆಳೆಯುವುದು ನಿಜವೇ. ಕೊಳಚೆಯಲ್ಲಿರುವ ಸಾರಜನಕವೇ ಅದಕ್ಕೆ ಕಾರಣ. ಆದರೆ ಅದರೊಡನೆ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳೂ ಮಣ್ಣಿಗೆ ಸೇರಿ, ಬೇರಿನ ಮೂಲಕ ಗಿಡದೊಳಕ್ಕೆ ಹೋಗುವುವು. ಸೊಪ್ಪುಗಳು ಮತ್ತು ಗೆಡ್ಡೆಗಳು ಇವನ್ನು ಹೆಚ್ಚಾಗಿ ಹೀರುವುವು. ತೊಳೆಯುವುದರಿಂದಾಗಲಿ ಬೇಯಿಸುವುದರಿಂದಾಗಲಿ ಇವು ಹೋಗತಕ್ಕವಲ್ಲ. ಬಹುಕಾಲ ತಿಂದರೆ ಮೂತ್ರಪಿಂಡಗಳಿಗೂ, ಮಕ್ಕಳ ಬುದ್ಧಿಯ ಬೆಳವಣಿಗೆಗೂ ಹಾನಿಯಾಗುವುದು. ಆದುದರಿಂದ ಈ ನದಿಯ ನೀರನ್ನಾಗಲಿ ಅದರ ಹೂಳನ್ನಾಗಲಿ ತರಕಾರಿ ಮಡಿಗೆ ಎಂದಿಗೂ ಹಾಕಕೂಡದು.

ಇದಕ್ಕೆ ಬದಲಾಗಿ ಮನೆಯ ಛಾವಣಿಯ ಮೇಲೆ ಬೀಳುವ ಮಳೆಯ ನೀರನ್ನು ಶೇಖರಿಸಬೇಕು. 100 ಚದರ ಮೀಟರು ಛಾವಣಿಯ ಮೇಲೆ 10 ಮಿಲಿಮೀಟರು ಮಳೆ ಬಿದ್ದರೆ 1,000 ಲೀಟರು ನೀರಾಗುವುದು. ಅದರಲ್ಲಿ ಮುಕ್ಕಾಲು ಪಾಲಾದರೂ ತೊಟ್ಟಿಗೆ ಸಿಕ್ಕುವುದು. ತರಕಾರಿ, ಬೇಳೆ ತೊಳೆದ ನೀರನ್ನು ನೇರವಾಗಿ ಮಡಿಗೆ ಹಾಯಿಸಬಹುದು. ಸೋಪಿನ ನೀರು ಬಾಳೆಯ ಬುಡಕ್ಕೆ ಮಾತ್ರ ಹೋಗಲಿ.

ಮನೆಗೋಳಿ

ತೋಟದ ಜತೆಗೆ ಐದಾರು ಹೇಂಟೆ, ಒಂದು ಹುಂಜ ಇದ್ದರೆ ಅಡಿಗೆಮನೆಯ ಯಾವ ಪದಾರ್ಥವೂ ವ್ಯರ್ಥವಾಗದು. ನಾಟಿ ಹೇಂಟೆಯು ಮೊಟ್ಟೆಗಳನ್ನು ಕಡಿಮೆ ಇಟ್ಟರೂ ಚೆನ್ನಾಗಿ ಕಾವಿಗೆ ಕುಳಿತು, 21 ದಿನಗಳಲ್ಲಿ ಮರಿ ಮಾಡಿ ಸಲಹುವುದು. ಒಂದು ಹೇಂಟೆಯ ಕೆಳಗೆ ಹತ್ತು ಹನ್ನೆರಡು ಮೊಟ್ಟೆಗಿಂತ ಹೆಚ್ಚು ಇಡಬಾರದು. ಹೆಬ್ಬಾಳದಲ್ಲಿ ಹಿತ್ತಿಲ ಸಾಕಣೆಗೆಂದೇ ಸಿದ್ಧಪಡಿಸಿದ ಗಿರಿರಾಜ ತಳಿಯು ಹೆಚ್ಚು ಮೊಟ್ಟೆಗಳನ್ನಿಡುವುದು. ರಾತ್ರಿ ನಾಯಿ, ಮುಂಗುಸಿ, ಕಾಡುಬೆಕ್ಕುಗಳು ನುಗ್ಗದಂತೆ ಗೂಡು ಭದ್ರವಾಗಿರಲಿ. ಬೆಳೆಯಿರುವಾಗ ಕೋಳಿಗಳು ಮಡಿಯನ್ನು ಕೆದಕದಂತೆ ಬೇಲಿ ಇರಬೇಕು. ಕೊಯ್ಲು ಮುಗಿದ ಮಡಿಗೆ ಬಿಟ್ಟರೆ ಹುಳುಗಳನ್ನು ಆರಿಸಿ ತಿಂದು ಉಪಕಾರ ಮಾಡುವುವು. ಕೋಳಿ ಹಿಕ್ಕೆಯನ್ನು ಹಸಿಯಾಗಿ ಹಾಕಿದರೆ ಗಿಡ ಸುಟ್ಟುಹೋಗುವುದು. ಒಣ ಎಲೆಗಳೊಡನೆ ಮೂರು ತಿಂಗಳು ಕೊಳೆಸಿ ಉಪಯೋಗಿಸತಕ್ಕದ್ದು.

ಕೊಕ್ಕರೆ ರೋಗವು ಹಳ್ಳಿಗೆ ಬಂತೆಂದರೆ ಕೆಲವೇ ದಿನಗಳಲ್ಲಿ ಮನೆಮನೆಯ ಗೂಡೂ ಬರಿದಾಗಬಹುದು. ರೋಗ ತಗುಲಿದ ಮೇಲೆ ಔಷಧವಿಲ್ಲ; ಮುಂಚಿತವಾಗಿ ಲಸಿಕೆ ಹಾಕಿಸುವುದೊಂದೇ ಮಾರ್ಗ. ಮರಿಗಳಿಗೆ ಮೊದಲನೆಯ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ, ಎಂಟನೆಯ ವಾರದಲ್ಲಿ ಚುಚ್ಚುಮದ್ದು. ಆದರೆ ಲಸಿಕೆಯ ಒಂದು ಸೀಸೆಯು ಸಾಮಾನ್ಯವಾಗಿ ನೂರು ಕೋಳಿಗಳಿಗೆ ಸಾಕಾಗುವಷ್ಟಿದ್ದು, ಒಮ್ಮೆ ಕರಗಿಸಿದ ಮೇಲೆ ಎರಡು ಗಂಟೆಯೊಳಗಾಗಿ ಮುಗಿಯಬೇಕು. ಐದು ಕೋಳಿಗಳ ಒಡೆಯನು ಒಬ್ಬನೇ ಇದನ್ನು ತರಿಸಲಾರನು. ಗ್ರಾಮ ಮುಖಂಡರ ಜವಾಬ್ದಾರಿ ಇಲ್ಲಿಯೇ ಇದೆ. ಅವರು ಪಶುವೈದ್ಯರೊಡನೆ ಮಾತನಾಡಿ ಒಂದು ದಿನವನ್ನು ಗೊತ್ತುಮಾಡಿ, ಹಿಂದಿನ ಸಂಜೆ ಸಾರಿಸಿ, ಬೆಳಗ್ಗೆ ಗೂಡಿನ ಬಾಗಿಲು ತೆಗೆಯುವ ಮೊದಲೇ ಎಲ್ಲ ಮನೆಗಳ ಕೋಳಿಗಳಿಗೂ ಲಸಿಕೆ ಹಾಕಿಸಬೇಕು. ಒಂದು ಮನೆಯವರು ತಪ್ಪಿಸಿಕೊಂಡರೂ ಕೇರಿಗೆಲ್ಲ ಅಪಾಯವುಂಟು.

ಕೀಟಗಳು

ಅವರೆಯ ಹೇನಿಗೆ ಮುಂಜಾನೆಯ ಇಬ್ಬನಿ ಆರುವ ಮೊದಲೇ ಸೌದೆಯ ಬೂದಿಯನ್ನು ಎರಚಬಹುದು. ಇತರ ಹುಳುಗಳಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿ ಸಂಜೆ ಸಿಂಪಡಿಸತಕ್ಕದ್ದು.

ಉಪಸಂಹಾರ

ಲಾಭನಷ್ಟಗಳ ಲೆಕ್ಕಕ್ಕೆ ಸಿಕ್ಕದ ಒಂದು ಪ್ರಯೋಜನವೂ ಇದರಲ್ಲಿದೆ. ಹೊಲದ ಬೆಳೆಯು ಮಳೆಯನ್ನೂ ಮಾರುಕಟ್ಟೆಯನ್ನೂ ಅವಲಂಬಿಸಿ ಯಜಮಾನನಿಗೆ ಚಿಂತೆಯನ್ನು ತರುವುದು. ಹಿತ್ತಿಲ ಬೆಳೆಯು ಆ ಚಿಂತೆಯನ್ನು ಮರೆಸುವುದು. ಬೆಳಗಿನ ಹೊತ್ತು ಮೊಮ್ಮಗುವು ಗೂಡಿನಿಂದ ಇನ್ನೂ ಬೆಚ್ಚಗಿರುವ ಮೊಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ತರುವುದನ್ನೂ, ತಾನೇ ನೀರೆರೆದ ಬಳ್ಳಿಯ ಮೊದಲ ಹೀರೆಕಾಯನ್ನು ಮನೆಯಾಕೆಯು ನೆರೆಮನೆಗೆ ಕೊಟ್ಟು ಬರುವುದನ್ನೂ ನೋಡುವ ಸಂತೋಷಕ್ಕೆ ಪೇಟೆಯಲ್ಲಿ ಬೆಲೆ ಕಟ್ಟಲಾಗದು. ಮುಂಗಾರಿಗೆ ಮೊದಲೇ ಭೂಮಿಯನ್ನು ಅಗೆದು, ನೀರಿನ ತೊಟ್ಟಿಯನ್ನು ಸಿದ್ಧಪಡಿಸಿ, ಗ್ರಾಮದ ಹಿರಿಯರು ತಮ್ಮ ಹಿತ್ತಿಲಿನಿಂದಲೇ ಈ ಕಾರ್ಯವನ್ನು ಆರಂಭಿಸಿದರೆ, ಉಳಿದವರು ತಾವಾಗಿಯೇ ಅನುಸರಿಸುವರು.