ಕೂಡಿ ನಕ್ಕರೆ ಗೆಳೆತನ

ಹೋಳಿ ಬಂತೆಂದರೆ ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಜನ ನೆರೆಯುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಹಲಗೆಯ ಸದ್ದು ಏಳುತ್ತದೆ. ಹುಡುಗರು ಕಾಮದಹನಕ್ಕೆಂದು ಗೆಳೆಯನ ಹಿತ್ತಲಿನ ಕುಳ್ಳು-ಕಟ್ಟಿಗೆಯನ್ನೇ ಕದ್ದು, ಅವನನ್ನೂ ಕರೆದೊಯ್ದು ಬಾಯಿ ಬಡಿದುಕೊಳ್ಳುತ್ತಾರೆ. ಕದ್ದವರೂ ಕಳೆದುಕೊಂಡವನೂ ಕೂಡಿಯೇ ನಗುತ್ತಾರೆ.

ಈ ನಂಟಿಗೆ ದೇಹದಲ್ಲೂ ಒಂದು ಕಾರಣವುಂಟು. ಜೊತೆಗೂಡಿ ಮನಸಾರೆ ನಕ್ಕವರು ಹೆಚ್ಚು ನೋವು ತಾಳಬಲ್ಲರೆಂದು ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಎಂಡಾರ್ಫಿನ್ ಎಂಬ, ನೋವು ಮರೆಸಿ ಹಿತ ನೀಡುವ ರಾಸಾಯನಿಕವೇ ಇದಕ್ಕೆ ಕಾರಣವೆಂದು ಅವರು ಊಹಿಸಿದ್ದರು. ಗೆಳೆಯರೊಡನೆ ನಕ್ಕವರ ಮಿದುಳಿನಲ್ಲಿ ಅದು ಸ್ರವಿಸುವ ಕುರುಹನ್ನು ಫಿನ್ಲೆಂಡಿನ ವಿಜ್ಞಾನಿಗಳು 2017ರಲ್ಲಿ ಕಂಡರು.

ಆದರೆ ಚೇಷ್ಟೆಗೂ ಮಿತಿಯಿದೆ. ಗೆಳೆಯನ ಬಡತನ, ಜಾತಿ, ಅಂಗವೈಕಲ್ಯ ಎಂದಿಗೂ ನಗೆಯ ವಸ್ತುವಾಗಬಾರದು. ಅವನೂ ನಮ್ಮನ್ನು ತಿರುಗಿ ಕಾಡಿಸುವಷ್ಟು ಸಲಿಗೆಯಿದ್ದರೆ ಅದು ಗೆಳೆತನ; ನಾವಷ್ಟೇ ನಕ್ಕರೆ ಅದು ಹಿಂಸೆ.